ನಾನು ನೇರ ಮಾಡಿದ ತಲೆಗಳು

ಮಾರ್ಚ್ 4, ಮಂಗಳವಾರ

ಇವತ್ತು ನಾಲ್ಕು ತಲೆ. ಎರಡು ಸ್ಮೂದನಿಂಗ್, ಎರಡು ಬರೀ ಕಟಿಂಗ್. ಎಕ್ಸಾಸ್ಟ್ ಫ್ಯಾನ್ ಮತ್ತೆ ಕೆಟ್ಟಿದೆ. ಹೇಳಿ ಹೇಳಿ ಬಾಯಿ ಸವೆಯಿತು. ಕಿಟಕಿ ತೆಗೆದುಕೊಳ್ಳಿ ಎನ್ನುತ್ತಾರೆ ಮೇಡಂ. ತೆಗೆದರೆ ಎಸಿ ತಂಪೆಲ್ಲ ಹೋಗುತ್ತದೆ ಎಂದು ಬಂದು ಮುಚ್ಚುವವರೂ ಅವರೇ. ಪಾರ್ಲರ್ ಅವರದು, ಗಾಳಿಯೂ ಅವರದೇ. ಮೂಗು ಮಾತ್ರ ನಮ್ಮದು.

ಹನ್ನೆರಡು ವರ್ಷದಿಂದ ಇದೇ ಕುರ್ಚಿಯ ಹಿಂದೆ ನಿಂತಿದ್ದೇನೆ. ಕ್ರೀಮ್ ಹಚ್ಚು, ಮುಕ್ಕಾಲು ಗಂಟೆ ಬಿಡು, ತೊಳೆ, ಒಣಗಿಸು, ಸಣ್ಣ ಸಣ್ಣ ಎಳೆ ಹಿಡಿದು ಐರನ್ ಒತ್ತಿ ನೇರ ಮಾಡು. ಹಳೇ ಕ್ರೀಮಿನ ಕಾಲದಲ್ಲಿ ಆ ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕನ್ನಡಿಯಲ್ಲಿ ನೋಡಿದ ಗಿರಾಕಿಗಳು ಯಾಕಕ್ಕ ಅಳುತ್ತಿದ್ದೀರಿ ಎಂದು ಕೇಳುತ್ತಿದ್ದರು. ಹೋದ ವರ್ಷದಿಂದ ಹೊಸ ಕ್ರೀಮ್. ಡಬ್ಬಿಯ ಮೇಲೆ ಹಸಿರೆಲೆಯ ಚಿತ್ರ, ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ದಪ್ಪ ಅಕ್ಷರ. ತಂದುಕೊಡುವ ಏಜೆಂಟ್‌ಗೆ ನಾವಿಟ್ಟ ಹೆಸರು ಕೋಟಣ್ಣ — ಎಂಥ ಸೆಕೆಯಲ್ಲೂ ಕೋಟು ಬಿಚ್ಚುವುದಿಲ್ಲ. ಇದು ಬರೀ ಪ್ರೋಟೀನು, ಮಗುವಿನ ತಲೆಗೂ ಹಾಕಬಹುದು ಎಂದಿದ್ದ. ಕಣ್ಣುರಿ ಕಡಿಮೆಯಾಯಿತು. ನಂಬಿದೆ.

ಮಧ್ಯಾಹ್ನ ಟೀಚರ್ ಬಂದಿದ್ದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಇದು ಮೂರನೇ ಸಲ. ಬೋರ್ಡಿನ ಕಡೆ ತಿರುಗಿದರೆ ಹಿಂದಿನ ಬೆಂಚಿನವರು ‘ಪೊದೆ, ಪೊದೆ’ ಎಂದು ಪಿಸುಗುಡುತ್ತಾರಂತೆ. ನಗುತ್ತಲೇ ಹೇಳುತ್ತಾರೆ. ಬೇರು ಬಿಟ್ಟು ಹಚ್ಚಿದರೆ ಎರಡೇ ತಿಂಗಳಲ್ಲಿ ಗುಂಗುರು ಮತ್ತೆ ತಲೆ ಎತ್ತುತ್ತದೆ ಎಂದು ಬುಡದವರೆಗೂ ಹಚ್ಚಲು ಹೇಳಿದರು. ಹಚ್ಚಿದೆ. ಹತ್ತು ನಿಮಿಷಕ್ಕೆ ನೆತ್ತಿ ಉರಿಯುತ್ತಿದೆ ಎಂದರು.

“ಸ್ವಲ್ಪ ಉರಿಯುತ್ತೆ ಟೀಚರ್. ಅದು ಕೆಲಸ ಮಾಡ್ತಿದೆ ಅಂತ ಅರ್ಥ” ಅಂದೆ.

ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದ ಮಾತು. ನಾಲಿಗೆಗೆ ಅಂಟಿಬಿಟ್ಟಿದೆ.

ಹೋಗುವಾಗ ಕೂದಲು ನೀರಿನ ಹಾಗೆ ಇಳಿದಿತ್ತು. ಎರಡು ಸಲ ತಲೆ ಕೊಡವಿ ನೋಡಿಕೊಂಡರು.

ಮಾರ್ಚ್ 7, ಶುಕ್ರವಾರ

ಟೀಚರ್ ವಾಶ್‌ಗೆ ಬರಲಿಲ್ಲ. ಮೂರನೇ ದಿನ ಬರಬೇಕಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಪರೀಕ್ಷೆ ಹತ್ತಿರ ಬಂತು, ಬಿಡುವಿರಲಿಕ್ಕಿಲ್ಲ.

ಇವರು ಪ್ರೆಸ್ಸಿನಿಂದ ಬೇಗ ಬಂದರು. ಬೈಂಡಿಂಗ್ ಮೆಷಿನ್ ಕೆಟ್ಟಿದೆಯಂತೆ. ಮಗಳು ಹೋಟೆಲಿನ ಫ್ರಂಟ್ ಆಫೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಡಿಗ್ರಿ ಮುಗಿದು ಇನ್ನೂ ವರ್ಷವಾಗಿಲ್ಲ, ಹಾಕಿದ ಅರ್ಜಿಗಳು ಲೆಕ್ಕ ಸಿಗುವುದಿಲ್ಲ.

ಮಾರ್ಚ್ 8, ಶನಿವಾರ

ಇವತ್ತಿನದು ಒಂದೂ ಬಿಡದೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಪಾರ್ಲರಿಗೆ ಆಸ್ಪತ್ರೆಯಿಂದ ಫೋನ್. ನಾನೇ ಎತ್ತಿಕೊಂಡೆ. ಕಿಡ್ನಿ ಡಾಕ್ಟರ್ ಎಂದಿತು ಹೆಂಗಸಿನ ದನಿ. ಟೀಚರ್ ಮಂಗಳವಾರ ಸಂಜೆಯಿಂದ ವಾಂತಿ, ಸೊಂಟನೋವು ಎಂದು ಮಲಗಿದ್ದಾರೆ. ಗುರುವಾರ ಮೂತ್ರವೇ ಕಟ್ಟಿಹೋಗಿ ಅಡ್ಮಿಟ್ ಮಾಡಿದ್ದಾರೆ. ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ. ಡಯಾಲಿಸಿಸ್ ಮೇಲೆ ಇದ್ದಾರೆ. ತಲೆಗೆ ಏನು ಹಾಕಿದ್ದಿರಿ, ಡಬ್ಬಿಯ ಮೇಲೆ ಏನೇನು ಬರೆದಿದೆ ಓದಿ — ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಫೋನ್ ಕಸಿದುಕೊಂಡರು. ದನಿಯಲ್ಲಿ ಜೇನು. ನಮ್ಮದು ಬರೀ ಪ್ರೋಟೀನ್ ಡಾಕ್ಟ್ರೇ, ಅವರು ಹೊರಗೆ ಏನಾದರೂ ತಿಂದಿರಬೇಕು ಎಂದರು. ಫೋನ್ ಇಟ್ಟರು. ನನ್ನ ಕಡೆ ತಿರುಗಿದರು.

“ಯಾರೇ ಕೇಳಿದ್ರೂ ಪ್ರೋಟೀನ್ ಅಷ್ಟೇ. ಅರ್ಥ ಆಯ್ತಾ?”

ಆಯಿತು ಅಂದೆ. ಹೌದು, ಅಂದೆ. ಅದನ್ನೂ ಬರೆದಿಡುತ್ತೇನೆ. ಆಮೇಲೆ ಮಧ್ಯಾಹ್ನ ಇನ್ನೊಂದು ತಲೆಗೆ ಅದೇ ಕ್ರೀಮ್ ಹಚ್ಚಿದೆ. ಅದನ್ನೂ.

ಮಾರ್ಚ್ 9, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ಮೂರನೇ ಮಹಡಿ, ಉದ್ದ ಕಾರಿಡಾರ್, ಮೆಷಿನ್‌ಗಳ ಗುಂಯ್ ಸದ್ದು. ಟೀಚರ್ ಮುಖ ಊದಿದೆ. ಕುತ್ತಿಗೆಯಲ್ಲಿ ದಪ್ಪ ಪೈಪು. ನೆತ್ತಿಯಲ್ಲಿ, ಬೈತಲೆಯ ಉದ್ದಕ್ಕೆ, ಹುಣ್ಣು. ನನ್ನ ಬ್ರಷ್ ಹೋದ ದಾರಿಯಲ್ಲೇ, ಗೆರೆ ಎಳೆದ ಹಾಗೆ.

ಅವರ ತಾಯಿ ಪಕ್ಕದಲ್ಲಿ ಕೂತಿದ್ದರು. ನಾನು ಯಾರೆಂದು ಟೀಚರ್ ಹೇಳಿದರು. ಆ ತಾಯಿ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು. ಬೈದಿದ್ದರೆ ನಿಂತುಕೊಂಡು ಬೈಸಿಕೊಳ್ಳುತ್ತಿದ್ದೆ. ಕುರ್ಚಿ ಕೊಟ್ಟರೆ ಏನು ಮಾಡುವುದು.

ಮೊದಲೆರಡು ಸಲವೂ ಮನೆಗೆ ಹೋದ ರಾತ್ರಿ ವಾಂತಿಯಾಗಿತ್ತಂತೆ. ಎರಡು ದಿನ ಸುಸ್ತು, ಆಮೇಲೆ ಸರಿ. ಸ್ಟಾಫ್‌ರೂಮಿನ ಕಾಫಿಯ ಮೇಲೆ ಅನುಮಾನ ಬಂದು ಕಾಫಿ ಬಿಟ್ಟಿದ್ದರಂತೆ. ತಲೆಗೆ ಹಚ್ಚಿದ್ದರ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಹೊರಡುವಾಗ ನನ್ನ ಕೈ ಹಿಡಿದುಕೊಂಡರು. “ನಿಮ್ಮ ತಪ್ಪಲ್ಲ ಅಕ್ಕ. ಕೂದಲು ಮಾತ್ರ ತುಂಬಾ ಚೆನ್ನಾಗಿ ಬಂದಿತ್ತು.”

ಕೂದಲು ಚೆನ್ನಾಗಿ ಬಂದಿತ್ತು! ಎರಡು ಕಿಡ್ನಿ ಮಲಗಿರುವಾಗ ಈ ಹೆಂಗಸಿಗೆ ಹಾಗನ್ನಿಸುವಂತೆ ಮಾಡಿದ್ದು ಯಾರು? ಹಿಂದಿನ ಬೆಂಚಿನವರೇ? ಗೋಡೆಗೆ ಅಂಟಿಸಿರುವ ಪೋಸ್ಟರಿನ ಹುಡುಗಿಯೇ? ಆ ಪೋಸ್ಟರ್ ಅಂಟಿಸಿದವಳು ನಾನೇ. ಸ್ಟೂಲ್ ಹತ್ತಿ, ವಾರೆಯಾಗದ ಹಾಗೆ.

ಮಾರ್ಚ್ 10, ಸೋಮವಾರ

ಪಾರ್ಲರಿಗೆ ರಜೆ. ಕ್ಲೀನಿಂಗ್ ನೆಪ ಹೇಳಿ ಕೀಲಿ ಇಸಿದುಕೊಂಡು ಹೋದೆ. ಒಂದು ಡಬ್ಬಿ ಬಿಸಿನೀರಲ್ಲಿ ನೆನೆಸಿದೆ. ಹಸಿರೆಲೆಯ ಲೇಬಲ್ ಒಂದು ಮೂಲೆಯಿಂದ ಎದ್ದಿತು. ಉಗುರಲ್ಲಿ ಕೆರೆದೆ. ಕೆಳಗೆ ಇನ್ನೊಂದು ಲೇಬಲ್!

ಇಂಗ್ಲಿಷ್, ಸಾಸಿವೆ ಕಾಳಿನಷ್ಟು ಅಕ್ಷರ. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳು ಫೋನಿನಲ್ಲಿ ಓದಿ ಹೇಳಿದಳು. ನೀರಿನ ನಂತರ ಎರಡನೇ ಹೆಸರೇ ಗ್ಲೈಆಕ್ಸಿಲಿಕ್ ಆಸಿಡ್. ಕೊನೆಯಲ್ಲಿ — ನೆತ್ತಿಗೆ ತಾಗಿಸಬಾರದು. ಉರಿ ಕಂಡರೆ ಕೂಡಲೇ ತೊಳೆಯಬೇಕು. ಗಾಳಿಯಾಡುವ ಕಡೆ ಮಾತ್ರ ಬಳಸಬೇಕು.

ಕೂಡಲೇ ತೊಳೆಯಬೇಕು. ನಾನು ಏನಂದಿದ್ದೆ? ಕೆಲಸ ಮಾಡುತ್ತಿದೆ ಎಂದು ಅರ್ಥ.

ಆ ಎಚ್ಚರಿಕೆಯ ಮೇಲೆ ಎಲೆ ಅಂಟಿಸಿದ್ದಾರೆ. ಹಸಿರು ಎಲೆ. ಕೋಟಣ್ಣನ ಕೋಟಿನ ಮೇಲೆ ಈ ಡಬ್ಬಿ ಪೂರ್ತಿ ಸುರಿಯಬೇಕು. ಅಲ್ಲ, ನೆತ್ತಿಯ ಮೇಲೆ. ಸುರಿದು ಮುಕ್ಕಾಲು ಗಂಟೆ ಕೂರಿಸಬೇಕು, ಕೈಗೊಂದು ಮ್ಯಾಗಜೀನ್ ಕೊಟ್ಟು.

ಡಬ್ಬಿ ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ಕಳ್ಳತನ ಎನ್ನುವುದಾದರೆ ಅನ್ನಲಿ.

ಮಾರ್ಚ್ 11, ಮಂಗಳವಾರ

ಕಿಡ್ನಿ ಡಾಕ್ಟರ್ ಗಿಡ್ಡ ಹೆಂಗಸು. ನಡೆಯುತ್ತಲೇ ಮಾತಾಡುತ್ತಾರೆ. ಡಬ್ಬಿ ನೋಡಿದ್ದೇ ನಿಂತರು.

ತಿಳಿಸಿ ಹೇಳಿದರು. ಈ ಆಸಿಡ್ ನೆತ್ತಿಯ ಚರ್ಮದ ಮೂಲಕ ಒಳಗೆ ಇಳಿಯುತ್ತದೆ. ಮೈಯೊಳಗೆ ಅದು ಆಕ್ಸಲೇಟ್ ಆಗುತ್ತದೆ, ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಟೀಚರ್ ಕಿಡ್ನಿಯ ಚೂರು ತೆಗೆದು ನೋಡಿದಾಗ ತುಂಬ ಹರಳುಗಳೇ. ಬೇರೆ ಕಡೆಯೂ ಇಂಥ ಕೇಸುಗಳು ಬಂದಿವೆಯಂತೆ, ಡಾಕ್ಟರುಗಳ ಪತ್ರಿಕೆಗಳಲ್ಲಿ ಬರೆದಿದ್ದಾರಂತೆ. ಹಾಗಾದರೆ ಹಳೇ ಕ್ರೀಮೇ ವಾಸಿಯಿತ್ತೇ ಎಂದು ಕೇಳಿದೆ. ಅದರಲ್ಲಿದ್ದದ್ದು ಫಾರ್ಮಾಲ್ಡಿಹೈಡ್ — ಶವ ಕೆಡದಂತೆ ಇಡಲು ಬಳಸುವ ವಸ್ತು. ಐರನ್ ಬಿಸಿಗೆ ಹೊಗೆಯಾಗಿ ಏಳುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಕ್ಯಾನ್ಸರಿಗೆ ದಾರಿ ಎಂದರು. ನನ್ನ ಮುಖ ನೋಡಿ, ಎಷ್ಟು ವರ್ಷದಿಂದ ಈ ಕೆಲಸ, ಮೂಗಿನಲ್ಲಿ ರಕ್ತ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ. ಚಳಿಗಾಲ ಎಂದುಕೊಂಡಿದ್ದೆ. ಯಾವ ಕಾಲದಲ್ಲಿ ಬಂದರೂ ಚಳಿಗಾಲ ಎಂದೇ ಅಂದುಕೊಂಡಿದ್ದೆ.

ಬಸ್ಸಿನಲ್ಲಿ ಬರುವಾಗ ನೆನಪಾಯಿತು. ಹೋದ ಜುಲೈ. ಮಗಳ ಕಾನ್ವೊಕೇಶನ್. ಉಳಿದ ಕ್ರೀಮ್ ಮನೆಗೆ ತಂದು ಬಚ್ಚಲುಮನೆಯಲ್ಲೇ ಅವಳಿಗೆ ಮಾಡಿದ್ದೆ. ಮಾರನೇ ದಿನ ಪೂರ್ತಿ ವಾಂತಿ. ಸಿಕ್ಕಿದ್ದೆಲ್ಲ ತಿಂದು ಬರುತ್ತೀಯ ಎಂದು ಬೈದಿದ್ದೆ. ವಾಂತಿ ಮಾಡುವವಳ ಬೆನ್ನು ಸವರುತ್ತಲೇ ಬೈದಿದ್ದೆ.

ಮಾರ್ಚ್ 13, ಗುರುವಾರ

ಮಗಳ ರಕ್ತ ಪರೀಕ್ಷೆ — ನಾರ್ಮಲ್. ಕ್ರಿಯಾಟಿನಿನ್ 0.8. ಕಿಡ್ನಿಯ ಕೆಲಸ ತಿಳಿಸುವ ಅಂಕಿ ಅದು, ಒಂದರ ಆಸುಪಾಸಿನಲ್ಲಿದ್ದರೆ ಸರಿಯಂತೆ. ಟೀಚರದು 4.6ಕ್ಕೆ ಹೋಗಿತ್ತು.

ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮಗಳು ನೀರು ತಂದುಕೊಟ್ಟಳು. ಆಯ್ತಲ್ಲಮ್ಮ, ಇನ್ನೇನು ಎಂದಳು.

ಮಾರ್ಚ್ 15, ಶನಿವಾರ

ಎಲ್ಲರ ಮುಂದೆ ಹೇಳಿಬಿಟ್ಟೆ. ಕುರ್ಚಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ನನ್ನ ಕೈಕೆಳಗೆ ಕಲಿತ ಚಿಕ್ಕವಳಿದ್ದಳು. ಡಬ್ಬಿಯ ಫೋಟೋ ತೋರಿಸಿದೆ. ಈ ಕ್ರೀಮ್ ಇನ್ನು ನಾನು ಮುಟ್ಟುವುದಿಲ್ಲ, ಯಾರೂ ಮುಟ್ಟಬಾರದು ಎಂದೆ. ಒಬ್ಬ ಗಿರಾಕಿ ಎದ್ದು ಹೋದಳು. ಇನ್ನೊಬ್ಬಳು ಮ್ಯಾಗಜೀನ್ ಹಾಳೆ ತಿರುವಿದಳು.

ಮೇಡಂ ನನ್ನನ್ನು ಒಳಗೆ ಕರೆದರು. ಕೂಗಾಡಲಿಲ್ಲ. ಹೆದರಿಕೆಯಾಗುವುದು ಅವರು ಕೂಗಾಡದಿದ್ದಾಗಲೇ.

“ಬುಡಕ್ಕೆ ಹಚ್ಚಿದ್ದು ಯಾರು? ಉರೀತಿದೆ ಅಂದಾಗ ತೊಳೀದೆ ಇದ್ದಿದ್ದು ಯಾರು? ಕೇಸು ಅಂತ ಬಂದ್ರೆ ಮೊದಲು ನಿನ್ನ ಕೈಗೆ ಬರುತ್ತೆ. ಯೋಚನೆ ಮಾಡು.”

“ಬರಲಿ. ಬಂದಾಗ ಈ ಕೈಗೆ ಡಬ್ಬಿ ಕೊಟ್ಟವರು ಯಾರು ಅಂತಾನೂ ಹೇಳ್ತೀನಿ.”

ಬಾಗಿಲು ತೋರಿಸಿದರು. ನನ್ನ ಕತ್ತರಿ, ಬಾಚಣಿಗೆ, ಏಪ್ರನ್ ತೆಗೆದುಕೊಂಡೆ. ಚಿಕ್ಕವಳು ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಬ್ರಷ್ ಇತ್ತು. ಬಟ್ಟಲು ಇತ್ತು.

ಊರ ಉಸಾಬರಿ ನಿನಗ್ಯಾಕೆ ಎಂದರು ಇವರು. ಇವರಿಗೆ ಒಂದು ವಾರ ಉತ್ತರ ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಊಟ ಬಡಿಸುತ್ತೇನೆ. ಮಾತಿಲ್ಲ.

ಮಾರ್ಚ್ 26, ಬುಧವಾರ

ಹತ್ತು ದಿನ ಬರೆಯಲಿಲ್ಲ. ಬರೆಯಲು ಕೂತರೆ ಹಾಳೆ ಹರಿದುಹೋಗುವ ಹಾಗೆ ಪೆನ್ನು ಒತ್ತುತ್ತಿದ್ದೆ.

ನಾಲ್ಕು ಪಾರ್ಲರಿನಲ್ಲಿ ಕೆಲಸ ಕೇಳಿದೆ. ಮೊದಲು ಆಗಲಿ ಎಂದವರು ಮಾರನೇ ದಿನ ಬೇಡ ಎಂದರು. ಮೇಡಂ ಫೋನ್ ಹೋಗಿದೆ. ‘ಆ ಗಲಾಟೆಯವಳು’ ಎಂಬುದು ಈಗ ನನ್ನ ಹೆಸರು. ಇರಲಿ. ಅಕ್ಕ ಅನ್ನಿಸಿಕೊಂಡು ಮಾಡಿದ್ದಕ್ಕಿಂತ ಇದು ವಾಸಿ.

ಟೀಚರ್ ಮನೆಗೆ ಬಂದಿದ್ದಾರೆ. ಡಯಾಲಿಸಿಸ್ ನಿಂತಿದೆ. ಕಿಡ್ನಿ ಮುಕ್ಕಾಲು ಪಾಲು ಚೇತರಿಸಿಕೊಂಡಿದೆ, ಉಳಿದ ಕಾಲು ಬರಬಹುದು, ಬಾರದೆಯೂ ಇರಬಹುದು. ಉಪ್ಪು ಅಳೆದು, ನೀರು ಅಳೆದು ಬದುಕಬೇಕು. ಮೂವತ್ತನಾಲ್ಕು ವಯಸ್ಸು.

ಮಾರ್ಚ್ 28, ಶುಕ್ರವಾರ

ಔಷಧ ನಿಯಂತ್ರಣದ ಕಚೇರಿಗೆ ಹೋಗಿದ್ದೆ. ಬ್ಯಾಗಿನಲ್ಲಿ ಡಬ್ಬಿ, ಲೇಬಲಿನ ಫೋಟೋ, ಡಾಕ್ಟರ ಪತ್ರ. ಒಂದನೇ ಕಿಟಕಿಯವನು ಇದು ಔಷಧಿಯಲ್ಲ, ಕಾಸ್ಮೆಟಿಕ್ಸ್, ಐದನೇ ಕಿಟಕಿ ಎಂದ. ಐದನೆಯವನು ಊಟಕ್ಕೆ ಹೋಗಿದ್ದ. ಬಂದ. ಓದಿದ. ಪಕ್ಕದ ಮೇಜಿನವನಿಗೂ ತೋರಿಸಿದ.

“ತಲೆಗೆ ಹಚ್ಚಿದ್ದು ಕಿಡ್ನಿಗೆ ಹೇಗಮ್ಮ ಹೋಗುತ್ತೆ? ಪೈಪ್‌ಲೈನ್ ಹಾಕಿದಾರಾ?”

ಇಬ್ಬರೂ ನಕ್ಕರು. ನಾನು ನಗಲಿಲ್ಲ, ಅಲ್ಲಾಡಲೂ ಇಲ್ಲ. ಡಾಕ್ಟರ ಪತ್ರವನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಲು ಶುರು ಮಾಡಿದೆ. ಕ್ಯೂನಲ್ಲಿದ್ದವರೆಲ್ಲ ತಿರುಗಿದರು. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸೀಲು ಹೊಡೆದುಕೊಟ್ಟ. ಡಬ್ಬಿ ತೆರೆದಿದೆ, ಹಾಗಾಗಿ ಸ್ಯಾಂಪಲ್ ಆಗುವುದಿಲ್ಲ, ಕಚೇರಿಯವರೇ ಪಾರ್ಲರಿಗೆ ಹೋಗಿ ಮುಚ್ಚಿದ ಡಬ್ಬಿ ತರಬೇಕು ಎಂದ. ಯಾವಾಗ ಎಂದೆ. ನೋಡೋಣ ಎಂದ.

ಮನೆಗೆ ಬಂದರೆ ಮಗಳು ಮಂಕಾಗಿ ಕೂತಿದ್ದಳು. ಹೋಟೆಲಿನ ಮೊದಲ ಸುತ್ತು ಪಾಸಾಗಿದೆಯಂತೆ. ಏಳನೇ ತಾರೀಖು ಎರಡನೆಯದು. ಆದರೆ ಕೊನೆಯಲ್ಲಿ ಅಲ್ಲಿನ ಮ್ಯಾನೇಜರ್ ಹೆಂಗಸು ಇವಳ ಗುಂಗುರು ತಲೆ ನೋಡಿ, ಅದನ್ನು ಸ್ವಲ್ಪ ಸರಿ ಮಾಡಿಸಿಕೊಂಡು ಬಾ ಎಂದಳಂತೆ.

ಜಡೆ ಹಾಕಿಕೊಂಡು ಹೋಗು ಎಂದೆ. ಎದ್ದು ಕನ್ನಡಿಯ ಮುಂದೆ ಹೋಗಿ ನಿಂತಳು. ನನ್ನ ತಲೆ ಪೂರ್ತಿ ಕಚೇರಿಯ ಕಿಟಕಿಯಲ್ಲೇ ಇತ್ತು. ಅವಳು ಅಲ್ಲಿ ಎಷ್ಟು ಹೊತ್ತು ನಿಂತಳೆಂದು ನೋಡಲಿಲ್ಲ.

ಏಪ್ರಿಲ್ 4, ಶುಕ್ರವಾರ. ಸಂಜೆ 6

ನೇರ. ಉದ್ದ. ಬೆನ್ನ ತುಂಬ ಹೊಳೆಯುತ್ತಿದೆ.

ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ಮಾತಾಡುವ ಮೊದಲೇ, ಅದು ಆ ಕ್ರೀಮ್ ಅಲ್ಲಮ್ಮ, ಬೇರೆ ಕಂಪನಿದು, ಲೇಬಲ್ ಓದಿಯೇ ಹಾಕಿಸಿಕೊಂಡೆ ಎಂದಳು. ಎಲ್ಲಿ? ನನ್ನ ಪಾರ್ಲರ್. ನನ್ನ ಕುರ್ಚಿ. ಚಿಕ್ಕವಳ ಕೈ.

ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಎತ್ತಿದೆ. ಅಷ್ಟು ತಿಳಿದೂ, ಆ ಲೇಬಲ್ ಓದಿ ಹೇಳಿದವಳೇ ನೀನಾಗಿ ಹೇಗೆ ಹೋದೆ ಎಂದು ಅರಚಿದೆ. ಪಕ್ಕದ ಮನೆಯವರ ಟೀವಿ ಸದ್ದು ನಿಂತಿತು.

ಅವಳು ಅರಚಲಿಲ್ಲ. ಅದೇ ನೋವು.

“ಸಣ್ಣವಳಿದ್ದಾಗಿಂದ ನೀನು ನನ್ನ ಕೂದಲಿಗೆ ಹೇಳಿದ್ದು ಒಂದೇ ಮಾತು. ಬಾ, ಸರಿ ಮಾಡ್ತೀನಿ. ಸರಿ ಇಲ್ಲ ಅಂತ ನಂಗೆ ಕಲಿಸಿದ್ದು ಆ ಮ್ಯಾನೇಜರ್ ಅಲ್ಲಮ್ಮ. ನೀನು.”

ಬಚ್ಚಲಿಗೆ ಎಳೆದುಕೊಂಡು ಹೋಗಿ ತಲೆ ತೊಳೆದೆ. ಮೂರು ಸಲ. ಪ್ರಯೋಜನವಿಲ್ಲ ಎಂದು ಗೊತ್ತು. ಹಚ್ಚಿ ಐದು ಗಂಟೆಯಾಗಿತ್ತು. ನೆತ್ತಿಯಲ್ಲಿ ಬೈತಲೆಯ ಗೆರೆ ಕೆಂಪಗಿದೆ.

ಚಿಕ್ಕವಳಿಗೆ ಫೋನ್ ಮಾಡಿದೆ. ಅಳುತ್ತ ಅಂದಳು —

“ಡಬ್ಬಿ ಬೇರೆ ಅಕ್ಕ. ವಾಸನೆ ಅದೇ. ಕೋಟಣ್ಣ ಲೇಬಲ್ ಶೀಟು ತಂದುಕೊಟ್ರು, ಮೇಡಂ ನನ್ನ ಕೈಲೇ ಅಂಟಿಸಿದ್ರು.”

ಮತ್ತೇಕೆ ಹಚ್ಚಿದೆ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಆ ಶನಿವಾರ ಮಧ್ಯಾಹ್ನ ನಾನೇಕೆ ಹಚ್ಚಿದೆನೋ ಅವಳೂ ಅದಕ್ಕೇ.

ಏಪ್ರಿಲ್ 5, ಶನಿವಾರ. ಬೆಳಿಗ್ಗೆ 7

ಐದು ಗಂಟೆಗೆ ಮೊದಲ ವಾಂತಿ. ಈಗ ಮೂರನೆಯದು. ಸೊಂಟ ಹಿಡಿದುಕೊಂಡಿದ್ದಾಳೆ. ಇವರು ಸ್ಕೂಟರ್ ಹೊರಗೆ ತೆಗೆದಿದ್ದಾರೆ. ಶರ್ಟಿನ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡಿದ್ದಾರೆ. ಹೊರಟೆವು.

ಏಪ್ರಿಲ್ 6, ಭಾನುವಾರ

ಕ್ರಿಯಾಟಿನಿನ್ 1.9. ನಿನ್ನೆ ಮಧ್ಯಾಹ್ನ 1.6 ಇತ್ತು.

ಬೇಗ ಬಂದಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ಸಲೈನ್ ಮೇಲೆ ಸಲೈನ್. ಮೂತ್ರವನ್ನು ಅಳತೆ ಪಾತ್ರೆಯಲ್ಲಿ ಹಿಡಿದು ಬರೆದಿಡಬೇಕು. ನಾನೇ ಬರೆಯುತ್ತಿದ್ದೇನೆ. ಗಂಟೆ, ಎಷ್ಟು ಎಂಎಲ್. ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ದಿಂಬಿನ ತುಂಬ ಕೂದಲು ಹರಡಿದೆ, ಜಾಹೀರಾತಿನ ಹಾಗೆ. ನೋಡಿದಷ್ಟೂ ಕತ್ತರಿಸಿ ಹಾಕಬೇಕೆನ್ನಿಸುತ್ತದೆ.

ಇವರು ಮೇಡಂ ಹತ್ತಿರ ಹೋಗಿದ್ದರು. ನಾನು ಹೇಳಿರಲಿಲ್ಲ. ಉಸಾಬರಿ ಬೇಡ ಎಂದವರೇ. ಪಾರ್ಲರಿನ ಬಾಗಿಲಲ್ಲಿ ನಿಂತು ಒಳಗೆ ಕೂತಿದ್ದವರಿಗೆಲ್ಲ ಕೇಳುವ ಹಾಗೆ, ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಳೆ, ನಿಮ್ಮ ತಲೆಗೆ ಹಚ್ಚಿರುವುದೇ ಅವಳ ತಲೆಗೂ ಹಚ್ಚಿದ್ದು ಎಂದು ಹೇಳಿ ಬಂದರಂತೆ. ಅಷ್ಟೇ. ಮೇಡಂ ಪೊಲೀಸರನ್ನು ಕರೆಯುತ್ತೇನೆ ಎಂದರಂತೆ. ಕರೆಯಿರಿ, ನಾವೂ ಅವರನ್ನೇ ನೋಡಬೇಕು ಎಂದರಂತೆ ಇವರು.

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಈ ಮನುಷ್ಯ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಈ ಸಲವೂ ಕಾಣಲು ಸಿಗಲಿಲ್ಲ.

ಏಪ್ರಿಲ್ 7, ಸೋಮವಾರ

1.7. ಇಳಿಯುತ್ತಿದೆ.

ಇವತ್ತು ಇಂಟರ್‌ವ್ಯೂ ಇತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಹತ್ತೂವರೆಗೆ ಅವಳು ಗಡಿಯಾರ ನೋಡಿದಳು. ನಾನೂ ನೋಡಿದೆ.

ತಪ್ಪು ನನ್ನದು ಎಂದು ಹೇಳಿದೆ. ಅವಳು ಸಣ್ಣವಳಿದ್ದಾಗ ಬಾಚಣಿಗೆ ಸಿಕ್ಕಿಕೊಂಡು ಅಳುತ್ತಿದ್ದಳು, ಆಗೆಲ್ಲ ನಾನು ಕೂದಲನ್ನು ಬೈಯುತ್ತಿದ್ದೆ. ಬಾಚಣಿಗೆಯನ್ನು ಬೈಯಬಹುದಿತ್ತು. ಹಾಗೆ ಹೇಳಿದೆ. ಅವಳು ತಿರುಗಿ ನೋಡಿದಳು. ನೀರು ಕೇಳಿದಳು. ಕೊಟ್ಟೆ. ಬರೆದುಕೊಂಡೆ — 150 ಎಂಎಲ್.

ಏಪ್ರಿಲ್ 9, ಬುಧವಾರ

1.1. ಡಿಸ್ಚಾರ್ಜ್. ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಕಾಯಂ ತೊಂದರೆ ಉಳಿಯಲಿಕ್ಕಿಲ್ಲ ಎಂದರು. ‘ಲಿಕ್ಕಿಲ್ಲ’. ಡಾಕ್ಟರುಗಳ ಬಾಯಲ್ಲಿ ‘ಇಲ್ಲ’ ಎಂಬುದು ಯಾವತ್ತೂ ಪೂರ್ತಿ ಬರುವುದಿಲ್ಲ.

ಕಚೇರಿಯವರು ಹೋದ ವಾರವೇ ಪಾರ್ಲರಿಗೆ ಹೋಗಿದ್ದರಂತೆ. ಫೋನ್ ಮಾಡಿ ಬರುತ್ತೇವೆ ಎಂದು ತಿಳಿಸಿಯೇ ಹೋಗಿದ್ದಾರೆ! ಅಲ್ಲಿ ಸಿಕ್ಕಿದ್ದು ಶಾಂಪೂ, ಕಂಡೀಷನರ್. ‘ಆಕ್ಷೇಪಾರ್ಹ ವಸ್ತು ಕಂಡುಬಂದಿಲ್ಲ’ — ಬರೆದುಕೊಂಡು ಟೀ ಕುಡಿದು ಬಂದಿದ್ದಾರೆ. ಕಚೇರಿಯಿಂದ ಬಂದ ಈ ಕಾಗದ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ರೂಮಿಗೆ ನುಗ್ಗಿದೆ. ಏನೇನು ಅಂದೆನೋ. ಹೊರಗೆ ಕೂತಿದ್ದ ರೋಗಿಗಳೆಲ್ಲ ಕೇಳಿಸಿಕೊಂಡಿರಬೇಕು.

ಅವರು ಕುರ್ಚಿ ತೋರಿಸಿದರು. ಕೂರಲಿಲ್ಲ.

“ಒಂದು ಕೇಸ್ ಅಂದ್ರೆ ಆಕಸ್ಮಿಕ ಅಂತಾರೆ. ಎರಡು ಅಂದ್ರೆ ಕಾಕತಾಳೀಯ ಅಂತಾರೆ. ನಾನು ಎಷ್ಟು ಪತ್ರ ಬರೆದ್ರೂ ಅಷ್ಟೇ. ಇನ್ನೊಂದು ಎಂಟು ಹತ್ತು ಜನ ಸಿಕ್ಕಿದ್ರೆ ಅವರು ಫೋನ್ ಮಾಡ್ಕೊಂಡು ಹೋಗೋಕಾಗಲ್ಲ. ಆದ್ರೆ ಅವರನ್ನ ನಾನೆಲ್ಲಿ ಹುಡುಕಲಿ? ವಾಂತಿ ಆಯ್ತು ಅಂತ ಯಾರು ಕಿಡ್ನಿ ಡಾಕ್ಟರ್ ಹತ್ತಿರ ಬರ್ತಾರೆ?”

ನಾನು ಹುಡುಕುತ್ತೇನೆ ಎಂದೆ. ಅವರ ಮುಖ ನನಗೆ ಗೊತ್ತಿಲ್ಲದಿರಬಹುದು, ನೆತ್ತಿ ಗೊತ್ತು.

ಏಪ್ರಿಲ್ 10, ಗುರುವಾರ

ಅಪಾಯಿಂಟ್‌ಮೆಂಟ್ ಎಲ್ಲ ನನ್ನ ಫೋನಿನಲ್ಲೇ ಆಗುತ್ತಿದ್ದದ್ದು. ನಂಬರುಗಳೆಲ್ಲ ಇವೆ. ‘ಬ್ಯಾಂಕ್ ಉದ್ದ ಜಡೆ’, ‘ಕೆಂಪು ಸ್ಕೂಟಿ’, ‘ನರ್ಸ್ ಅಕ್ಕ-ತಂಗಿ’, ‘ಮಾತೇ ನಿಲ್ಲಿಸದವರು’. ಹೊಸ ಕ್ರೀಮ್ ಬಂದ ಮೇಲೆ ನಾನು ಮಾಡಿದವರು ತೊಂಬತ್ತೆರಡು ಜನ. ಮಗಳು ಮಂಚದ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದಳು. ನಾನು ಕೇಳಿರಲಿಲ್ಲ. ಅವಳೇ ಪೆನ್ನು ಎತ್ತಿಕೊಂಡಳು.

ಮೊದಲ ಫೋನ್ ಮಾಡುವ ಮುನ್ನ ಮೂರು ಲೋಟ ನೀರು ಕುಡಿದೆ.

ಹನ್ನೊಂದು ಜನರಿಗೆ ಆಯಿತು. ಐವರಿಗೆ ಏನೂ ಆಗಿಲ್ಲ. ಒಬ್ಬರು ನಂಬರ್ ಬ್ಲಾಕ್ ಮಾಡಿದರು. ಒಬ್ಬರ ಗಂಡ ಎತ್ತಿಕೊಂಡು, ಕೆಲಸ ಕಳೆದುಕೊಂಡ ಹೊಟ್ಟೆಕಿಚ್ಚಿಗೆ ಮಾಡುತ್ತಿದ್ದೀಯ ಎಂದು ಬಾಯಿಗೆ ಬಂದಂತೆ ಬೈದರು. ಇಬ್ಬರು ಆಮೇಲೆ ಮಾಡುತ್ತೇವೆ ಎಂದರು. ಇಬ್ಬರು ಹೌದು ಎಂದರು. ಹೌದು, ವಾಂತಿ. ಹೌದು, ಸೊಂಟ. ಹೌದು, ಗ್ಯಾಸ್ ಎಂದುಕೊಂಡಿದ್ದೆವು.

ಏಪ್ರಿಲ್ 11, ಶುಕ್ರವಾರ

ನಲವತ್ತು ಮುಗಿಯಿತು. ಹೌದು ಎಂದವರು ಏಳು. ‘ಕೆಂಪು ಸ್ಕೂಟಿ’ಗೆ ಕಿಡ್ನಿಯಲ್ಲಿ ಕಲ್ಲು ಎಂದು ಆಪರೇಷನ್ ಆಗಿಹೋಗಿದೆಯಂತೆ. ಇದಕ್ಕೇ ಆಯಿತೆಂದು ಹೇಳಲಾಗದು, ಆದರೆ ಕಾಗದಪತ್ರ ತರಲಿ ಎಂದರು ಡಾಕ್ಟರ್. ವಿಷಯ ತಿಳಿಸಿದರೆ ಸ್ಕೂಟಿಯವಳು ಫೋನಿನಲ್ಲೇ ಬೈಗುಳ ಸುರಿದಳು. ಕಿವಿಯಿಂದ ಫೋನ್ ತೆಗೆಯಲಿಲ್ಲ. ಪೂರ್ತಿ ಕೇಳಿದೆ. ಇದು ನನಗೆ ಸಲ್ಲಬೇಕಾದದ್ದು. ಟೀಚರ್ ಕೊಡದೆ ಬಿಟ್ಟದ್ದು. ಕೊನೆಯಲ್ಲಿ ಉಸಿರು ತೆಗೆದುಕೊಂಡು, ಯಾವ ಆಸ್ಪತ್ರೆ, ಎಷ್ಟು ಗಂಟೆಗೆ ಬರಲಿ ಎಂದಳು.

ಟೀಚರ್ ಸಂಜೆ ಮನೆಗೆ ಬಂದರು. ಕೂದಲು ಕಿವಿಯವರೆಗೆ ಕತ್ತರಿಸಿಕೊಂಡಿದ್ದಾರೆ, ಬುಡದಲ್ಲಿ ಗುಂಗುರು ಎದ್ದಿದೆ. ಪಟ್ಟಿ ನೋಡಿ ಅರ್ಧ ನನಗೆ ಕೊಡಿ ಎಂದರು. ಲೆಕ್ಕದ ಟೀಚರಲ್ಲವೇ, ನಾಲ್ಕು ಗೆರೆ ಎಳೆದು ಅಂಕಣ ಮಾಡಿಕೊಟ್ಟರು — ಹಚ್ಚಿದ ದಿನ, ಉರಿ, ವಾಂತಿ, ರಕ್ತ ಪರೀಕ್ಷೆ. ಚಿಕ್ಕವಳೂ ಫೋನ್ ಮಾಡಿದ್ದಳು. ಕೆಲಸ ಬಿಟ್ಟಿದ್ದಾಳೆ. ಮುಚ್ಚಿದ ಡಬ್ಬಿ ಎರಡು, ಹರಿಯದ ಲೇಬಲ್ ಶೀಟು ಒಂದು ತನ್ನ ಹತ್ತಿರ ಇವೆ ಎಂದಳು. ನಾಳೆ ಬರುತ್ತಾಳೆ.

ಕಚೇರಿಯವನಿಗೆ ಈ ಸಲ ನಾವೇ ಮುಂಚೆ ತಿಳಿಸಿ ಹೋಗುತ್ತೇವೆ. ಆ ಏಳು ಜನ, ಟೀಚರ್, ಮಗಳು, ನಾನು — ಹತ್ತು ಜನ.

ಏಪ್ರಿಲ್ 12, ಶನಿವಾರ. ಬೆಳಿಗ್ಗೆ 11

ಮಗಳು ನಂಬರ್ ಒತ್ತಿ ಫೋನ್ ಕೊಡುತ್ತಾಳೆ. ನಾನು ಮಾತಾಡುತ್ತೇನೆ. ನಡುವೆ ಸಿಕ್ಕ ಬಿಡುವಿನಲ್ಲಿ ಇದು. ಐವತ್ತಮೂರನೆಯದು ಹೋಗುತ್ತಿದೆ. ರಿಂಗ್ ಆಗುತ್ತಿದೆ. ಈ ನಂಬರ್ ನೆನಪಿದೆ — ಹದಿನಾರರ ಹುಡುಗಿ, ಅಮ್ಮ ಕರೆದುಕೊಂಡು ಬಂದಿದ್ದರು. ಉರಿಯುತ್ತಿದೆ ಎಂದು ಅತ್ತಳು, ನಾನೂ ಅವಳಮ್ಮನೂ ಸೇರಿ ತೋಳು ಹಿಡಿದು ಕೂರಿಸಿದ್ದೆವು. ಯಾವತ್ತು, ಯಾವ ವಾರ? ಎತ್ತಿಕೊಂಡರು. ಅಮ್ಮನ ದನಿಯಲ್ಲ, ಆ ಹುಡುಗಿಯೇ. ನಮಸ್ಕಾರ ಮಗಳೇ, ನಾನು ಪಾರ್ಲರಿನವಳು, ನಿನ್ನ ಕೂದಲು ನೇರ ಮಾಡಿದವಳು. ಅವತ್ತು ಮನೆಗೆ ಹೋದ ಮೇಲೆ ನಿನಗೆ ವಾಂತಿ ಏನಾದರೂ —